ನಾಲ್ಕನೆಯ ಬಟ್ಟಲು

ಜಪಾನೀಯರಲ್ಲಿ ಒಂದು ಗಾದೆಯುಂಟು: ಮೊದಲು ಮನುಷ್ಯ ಮದ್ಯವನ್ನು ಕುಡಿಯುತ್ತಾನೆ, ಎರಡನೆಯ ಬಟ್ಟಲಿನಲ್ಲಿ ಮದ್ಯವೇ ಮದ್ಯವನ್ನು ಕುಡಿಯುತ್ತದೆ, ಮೂರನೆಯದರಲ್ಲಿ ಮದ್ಯ ಮನುಷ್ಯನನ್ನು ಕುಡಿಯುತ್ತದೆ. ಇದು ಸುಖವನ್ನು ಹಳಿಯುವ ಮಾತಲ್ಲ. ಸುಖದ ಒಡೆಯನಾಗಿದ್ದವನು ಯಾವ ಗಳಿಗೆಯಲ್ಲಿ ಅದರ ಆಳಾಗುತ್ತಾನೆಂಬುದನ್ನು ಮಾತ್ರ ತೋರಿಸುತ್ತದೆ. ‘ಅತಿಯಾದರೆ ಅಮೃತವೂ ವಿಷ’ ಎಂಬ ನಮ್ಮ ಗಾದೆ ಅಳತೆಯನ್ನು ಹೇಳಿದರೆ, ಜಪಾನಿನ ಗಾದೆ ಯಜಮಾನಿಕೆಯನ್ನು ಹೇಳುತ್ತದೆ.

ರಾಯಚೂರು ಸೀಮೆಗೆ ಈ ವಿವೇಕ ಹೊಸದಲ್ಲ. ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರೂ ಅವರ ಶಿಷ್ಯರಾದ ಮಾನ್ವಿಯ ಜಗನ್ನಾಥದಾಸರೂ 18ನೆಯ ಶತಮಾನದಲ್ಲಿ ಈ ನೆಲದಲ್ಲಿಯೇ ಹಾಡಿದವರು. ಮನಸ್ಸು ಇಂದ್ರಿಯಗಳಿಗೆ ಆಳಾಗಬಾರದೆಂಬುದು ದಾಸ ಪರಂಪರೆಯ ಮೂಲಪಾಠಗಳಲ್ಲೊಂದು.

ಆದರೆ ಅವನವನ ಮನಸ್ಸನ್ನೇ ನೆಚ್ಚಿ ಕುಳಿತರೆ ಸಾಕೆ? 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಅಗ್ಗದ ಬೇರೆ ಮದ್ಯ ಅದರ ಜಾಗಕ್ಕೆ ಬಂದಿತು. ಹಳ್ಳಿಯ ಚಿಲ್ಲರೆ ಅಂಗಡಿಗಳಲ್ಲಿಯೂ ಅದು ಅಕ್ರಮವಾಗಿ ದೊರೆಯುತ್ತದೆಂದು ರಾಯಚೂರು ಜಿಲ್ಲೆಯ ಕೂಲಿ ಹೆಂಗಸರು ದೂರುತ್ತ ಬಂದರು. 2019ರ ಜನವರಿಯಲ್ಲಿ ಅವರೂ ಬೇರೆ ಜಿಲ್ಲೆಗಳ ಹೆಂಗಸರೂ ಸೇರಿ, ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದು ಹೋಗಿ ಮದ್ಯನಿಷೇಧವನ್ನು ಕೇಳಿದರು. ಗಂಡನಿಗೆ ಬುದ್ಧಿ ಹೇಳಿ ಸೋತವರು ಸರಕಾರಕ್ಕೆ ಬುದ್ಧಿ ಹೇಳಹೊರಟರು.

ಗಾದೆ ಮೂರನೆಯ ಬಟ್ಟಲಿಗೆ ನಿಲ್ಲುತ್ತದೆ. ನಾಲ್ಕನೆಯದೊಂದು ಉಂಟೆಂಬುದನ್ನು ಈ ಹೆಂಗಸರು ಬಲ್ಲರು. ಅದರಲ್ಲಿ ಮದ್ಯ ಮನೆಯನ್ನೇ ಕುಡಿಯುತ್ತದೆ: ವಾರದ ಕೂಲಿ, ಒಲೆಯ ಮೇಲಿನ ಅನ್ನ, ಮಗುವಿನ ಶಾಲೆ. ಒಂದು ಹನಿಯನ್ನೂ ಮುಟ್ಟದವಳು ಅದರ ಬೆಲೆ ತೆರುತ್ತಾಳೆ. ಅವಳಿಗೆ ಸಂಯಮದ ಉಪದೇಶದಿಂದ ಆಗಬೇಕಾದುದೇನು?

‘ಕುಡಿಯುವುದೂ ಬಿಡುವುದೂ ಅವರವರ ಇಚ್ಛೆ’ ಎನ್ನುವ ಪಟ್ಟಣದ ಸುಶಿಕ್ಷಿತರಾದ ನಾವು, ಆ ಇಚ್ಛೆ ಮೊದಲ ಬಟ್ಟಲಿನ ತನಕ ಮಾತ್ರ ಇರುತ್ತದೆಂಬುದನ್ನು ಮರೆಯುತ್ತೇವೆ. ಪಾನನಿಷೇಧಕ್ಕೆ ಯತ್ನಿಸಬೇಕೆಂದು ಸಂವಿಧಾನದ 47ನೆಯ ವಿಧಿ ರಾಜ್ಯಕ್ಕೆ ಹೇಳುತ್ತದೆ. ಬೊಕ್ಕಸವಾದರೋ ಅಬಕಾರಿ ವರಮಾನವನ್ನು ಬಿಡಲಾರದು. ಅದೂ ಮೊದಲ ಬಟ್ಟಲನ್ನು ದಾಟಿ ಬಹಳ ದಿನವಾಯಿತು. ಪೂರ್ಣ ನಿಷೇಧವಾದರೆ ಕಳ್ಳಭಟ್ಟಿ ಹೆಚ್ಚೀತೆಂಬ ಭಯ ಸುಳ್ಳಲ್ಲ. ಆದರೆ ಆ ಭಯವನ್ನು ಮುಂದೊಡ್ಡಿ ಕಣ್ಣೆದುರಿನ ಅಕ್ರಮ ಮಾರಾಟವನ್ನು ಸಹಿಸುವುದು ನ್ಯಾಯವಲ್ಲ.

ಬಟ್ಟಲನ್ನು ಕೆಳಗಿಡುವುದು ಕುಡಿಯುವವನ ಹೊಣೆ. ಅದು ಬಡವನ ಬಾಗಿಲನ್ನು ಹುಡುಕಿಕೊಂಡು ಬಾರದಂತೆ ನೋಡುವುದು ಸಮಾಜದ ಹೊಣೆ. ಒಂದನ್ನು ತೋರಿಸಿ ಇನ್ನೊಂದರಿಂದ ಯಾರೂ ತಪ್ಪಿಸಿಕೊಳ್ಳುವಂತಿಲ್ಲ.