ಬೆತ್ತದ ಕುರ್ಚಿಯೂ ಈಚಲ ಮರವೂ

ಕೆಲವು ವರ್ಷಗಳ ಹಿಂದೆ ಮಿತ್ರರೊಬ್ಬರು ನನ್ನನ್ನು ಬೆಂಗಳೂರು ದಂಡಿನ ಕಾಕ್‌ಬರ್ನ್ ರಸ್ತೆಯ ಡ್ಯೂಯರ್ಸ್ ಬಾರಿಗೆ ಕರೆದುಕೊಂಡು ಹೋದರು. "ಕುಡಿಯುವುದಕ್ಕಲ್ಲ ಮಹಾರಾಯರೆ, ನೋಡುವುದಕ್ಕೆ, 1933ರಷ್ಟು ಹಳೆಯದು" ಎಂದರು. ಬೆತ್ತದ ಕುರ್ಚಿಗಳು, ಅವಸರವೇ ಇಲ್ಲದ ಒಂದು ಬಗೆಯ ನೆಮ್ಮದಿ. ನೋಡಲು ಹೋದವನು ಅರ್ಧ ಸೀಸೆ ಬಿಯರ್ ಕುಡಿದೆನೆಂಬುದನ್ನು ಮುಚ್ಚಿಡಲಾರೆ. (ಅಧ್ಯಾಪಕನಾದವನಿಗೆ ಇಷ್ಟು ಹೇಳಲು ಇಷ್ಟು ವರ್ಷ ಬೇಕಾಯಿತು.)

ಆ ಬಿಯರ್ ನನ್ನನ್ನು ಕಾಡಲಿಲ್ಲ. ಅಲ್ಲಿ ಹುಟ್ಟಿದ ಮೆಚ್ಚುಗೆ ಕಾಡಿತು. ಏಕೆಂದರೆ ಹೊಳಲ್ಕೆರೆಯ ನಮ್ಮ ಓಣಿಯ ತುದಿಯಲ್ಲಿಯೂ ಒಂದು ಸಾರಾಯಿ ಅಂಗಡಿಯಿತ್ತು. ಅದೂ ಹಳೆಯದೇ. ಅದರ ಮುಂದೆ ಹಾಯುವಾಗ ಅಮ್ಮ ನನ್ನ ಕೈಯನ್ನು ಬಿಗಿಯಾಗಿ ಹಿಡಿದು ಬಿರಬಿರನೆ ನಡೆಯುತ್ತಿದ್ದಳು. ಒಳಗಿನಿಂದ ಚಿಕ್ಕಪ್ಪ ಎದುರಾದಾನೆಂಬ ಭಯ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷಿದ್ಧವಾಗಿ ಆ ಅಂಗಡಿಗೆ ಬೀಗ ಬಿತ್ತು. ಯಾರೂ ಅದಕ್ಕಾಗಿ ನಿಟ್ಟುಸಿರಿಡಲಿಲ್ಲ. ಚಿಕ್ಕಪ್ಪನೂ ಇಡಲಿಲ್ಲ, ಅಗ್ಗದ ವಿಸ್ಕಿಗೆ ತಿರುಗಿದ. ಅದಕ್ಕೆ ಹೆಚ್ಚು ಹಣ ಬೇಕಾದ್ದರಿಂದ ಚಿಕ್ಕಮ್ಮನ ಕೈಗೆ ಬರುವ ಕೂಲಿ ಇನ್ನೂ ಕಡಮೆಯಾಯಿತು, ಅಷ್ಟೆ.

ನಮ್ಮ ಜಿಲ್ಲೆಗೆ ಈ ವಿಷಯದಲ್ಲಿ ಒಂದು ಚರಿತ್ರೆಯೇ ಉಂಟು. 1939ರಲ್ಲಿ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಹೆಂಡ ಇಳಿಸುವ ಈಚಲು ಮರಗಳನ್ನು ಕಡಿದರು. ಸರ್ಕಾರದ ಕಣ್ಣಿಗೆ ಅದು ಅಪರಾಧ. ಆ ಚಳವಳಿಯಲ್ಲಿ ಸೆರೆಮನೆ ಕಂಡ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗಲೇ, 1967ರಲ್ಲಿ, ಮೈಸೂರು ರಾಜ್ಯದ ಪಾನನಿರೋಧ ಕೊನೆಗೊಂಡಿತು. ಇದನ್ನು ಹಿಡಿದು ಹಿರಿಯರನ್ನು ಹಳಿಯುವುದು ಸುಲಭ. ನನಗೆ ಆ ಉತ್ಸಾಹವಿಲ್ಲ. ಕೊಡಲಿ ಎತ್ತಿದವರು ತಮ್ಮ ತೀರ್ಮಾನಕ್ಕೆ ಬೆಲೆಯನ್ನಾದರೂ ತೆತ್ತರು. ಬೆತ್ತದ ಕುರ್ಚಿಗೆ ಒರಗಿ 'ಆಹಾ, ಚರಿತ್ರೆ' ಎಂದ ನಾನು ತೆತ್ತದ್ದು ಬಿಯರಿನ ಬೆಲೆ ಮಾತ್ರ. ಅದನ್ನೂ ಮಿತ್ರರೇ ಕೊಟ್ಟರು.

ಹಾಗಾದರೆ ನಾನು ತೂಗಿದ್ದು ಕುಡಿತವನ್ನೋ, ಕುಡಿಯುವವನ ಅಂತಸ್ತನ್ನೋ? ಅಂತಸ್ತು ಎಂದುಬಿಟ್ಟರೆ ಉತ್ತರ ಮುಗಿಯಿತೆಂದು ತೋರುತ್ತದೆ. ಆದರೆ ಪೂರ್ತಿ ನಿಜವಲ್ಲ. ಆ ಬಾರಿನಲ್ಲಿ ತೊಂಬತ್ತು ವರ್ಷಗಳ ಹಿಂದೆ ಕುಳಿತು ಎದ್ದವರ ಮನೆಗಳಲ್ಲಿಯೂ ಚಿಕ್ಕಮ್ಮಂದಿರು ಇದ್ದಿರಲೇಬೇಕು. ನನಗೆ ಅವರ ಪರಿಚಯವಿಲ್ಲ. ಆದ್ದರಿಂದಲೇ ಕುರ್ಚಿಗಳು ಅಷ್ಟು ಸುಂದರವಾಗಿ ಕಂಡವು.

ಕಳೆದ ಯುಗಾದಿಗೆ ಊರಿಗೆ ಹೋದಾಗ ಚಿಕ್ಕಮ್ಮನಿಗೆ ಈ ಬಾರಿನ ಸಂಗತಿ ಹೇಳಿದೆ. ಕುರ್ಚಿಗಳನ್ನು ಸ್ವಲ್ಪ ಹೆಚ್ಚಾಗಿಯೇ ವರ್ಣಿಸಿದೆನೇನೋ. ಅವಳು ಅಕ್ಕಿ ಆರಿಸುತ್ತಲೇ ಕೇಳಿದಳು: "ಅಷ್ಟು ಚೆನ್ನಾಗಿರೋ ಕುರ್ಚಿ ಇದ್ರೆ, ಅವರು ಮನೆಗೆ ಯಾವಾಗ ಬರ್ತಿದ್ರಪ್ಪ?"