ತ್ಯಾಗ ಮತ್ತು ಅಭಾವ

ದಶಲಕ್ಷಣ ಪರ್ವವು ಸಮೀಪಿಸಿದಂತೆ ಶ್ರಾವಕರ ಮನೆಗಳಲ್ಲಿ ತಲೆದೋರುವ ಸಂದೇಹಗಳಲ್ಲಿ ಒಂದಕ್ಕೆ ಪ್ರಾಚೀನ ಗ್ರಂಥಗಳಲ್ಲಿ ನೇರವಾದ ಉತ್ತರ ದೊರೆಯುವುದಿಲ್ಲ. ಥೈರಾಯ್ಡ್ ಗ್ರಂಥಿಯ ದೌರ್ಬಲ್ಯದಿಂದ ಪ್ರತಿದಿನ ಬರಿಯ ಹೊಟ್ಟೆಯಲ್ಲಿ ಒಂದು ಸಣ್ಣ ಮಾತ್ರೆಯನ್ನು ಸೇವಿಸಬೇಕಾದ ಶ್ರಾವಿಕೆಯು, ಚತುರ್ವಿಧ ಆಹಾರವನ್ನು ತ್ಯಜಿಸಿ ಉಪವಾಸವನ್ನು ಕೈಗೊಂಡ ದಿನ ಅದನ್ನು ಸೇವಿಸಬಹುದೇ? ಸೇವಿಸಿದರೆ ವ್ರತಭಂಗವೇ? ಬಿಟ್ಟರೆ ಆ ಬಿಡುವಿಕೆ ತಪಸ್ಸೇ? ಮಾತ್ರೆಯು ಸಾಸಿವೆಯ ಕಾಳಿಗಿಂತ ಅಷ್ಟೇನೂ ದೊಡ್ಡದಲ್ಲ. ಪ್ರಶ್ನೆ ಮಾತ್ರ ದೊಡ್ಡದು.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಗೆ ಇಂತಹ ಪ್ರಶ್ನೆಗಳು ಹೊಸವಲ್ಲ. ಬಿಳಿಕೆರೆಯ ಸಮೀಪದ ಗೊಮ್ಮಟಗಿರಿಯಲ್ಲಿ ಬಾಹುಬಲಿಯ ಮೂರ್ತಿ ನಿಂತಿದೆ. ಕೃಷ್ಣರಾಜನಗರದ ಸೀಮೆಯ ಚಿಕ್ಕಹನಸೋಗೆಯು ಒಂದು ಕಾಲಕ್ಕೆ ಮುನಿಪರಂಪರೆಯೊಂದಕ್ಕೆ ತನ್ನ ಹೆಸರನ್ನೇ ಕೊಟ್ಟ ಊರು. ಹುಣಸೂರಿನ ಕಡೆಯ ಕಲ್ಲಹಳ್ಳಿಯ ಮೂರನೆಯ ಮಂಗರಸನು 16ನೆಯ ಶತಮಾನದ ಆದಿಯಲ್ಲಿ ‘ಸಮ್ಯಕ್ತ್ವಕೌಮುದಿ’ಯನ್ನು ಬರೆದನು, ‘ಸೂಪಶಾಸ್ತ್ರ’ವೆಂಬ ಅಡಿಗೆಯ ಗ್ರಂಥವನ್ನೂ ಬರೆದನು. ಸಮ್ಯಕ್ತ್ವವನ್ನು ಕುರಿತು ಬರೆದ ಕೈಯೇ ಬದನೆಯ ಪಾಕಗಳನ್ನೂ ವರ್ಣಿಸಿತು. (ಬಹುಬೀಜವೆಂದು ಬದನೆಯನ್ನೇ ಬಿಟ್ಟ ಮನೆಗಳವರು ಆ ಭಾಗವನ್ನು ಹೇಗೆ ಓದಿದರೋ!) ದೇಹಕ್ಕೆ ಏನನ್ನು ಕೊಡಬೇಕು, ಏನನ್ನು ಕೊಡಬಾರದು ಎಂಬುದು ಈ ನೆಲದ ಶ್ರಾವಕನಿಗೆ ಕೇವಲ ಅಡಿಗೆಮನೆಯ ಮಾತಾಗಿರಲಿಲ್ಲ.

ಮೊದಲು ರೋಗದ ಸ್ವರೂಪವನ್ನು ತಿಳಿಯಬೇಕು. ಕತ್ತಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯು ಆಹಾರದಲ್ಲಿನ ಅಯೋಡಿನ್ನನ್ನು ಹೀರಿಕೊಂಡು ಥೈರಾಕ್ಸಿನ್ ಎಂಬ ರಸವನ್ನು ಉತ್ಪಾದಿಸುತ್ತದೆ. ದೇಹದ ಪ್ರತಿಯೊಂದು ಅಂಗವೂ ಎಷ್ಟು ವೇಗದಲ್ಲಿ ಕೆಲಸ ಮಾಡಬೇಕೆಂಬುದನ್ನು ನಿಯಂತ್ರಿಸುವುದು ಈ ರಸವೇ. ಅದು ಕಡಿಮೆಯಾದರೆ ಆಯಾಸ, ಚಳಿ ತಡೆಯಲಾರದಿರುವುದು, ಒಣಚರ್ಮ, ಮಲಬದ್ಧತೆ, ಕೂದಲುದುರುವಿಕೆ, ಮನಸ್ಸಿನ ಜಡತೆಗಳು ಮೆಲ್ಲನೆ ಆವರಿಸುತ್ತವೆ. ಇಷ್ಟು ಮೆಲ್ಲನೆ ಬರುವುದರಿಂದಲೇ ಮನೆಯವರು ಅದನ್ನು ಸೋಮಾರಿತನವೆಂದೋ ವಯಸ್ಸಿನ ಧರ್ಮವೆಂದೋ ಬಗೆಯುತ್ತಾರೆ. ಪರ್ವಪರ್ವಕ್ಕೂ ಉಪವಾಸ ಮಾಡುವ ಶ್ರಾವಿಕೆಯಾದರಂತೂ ಅವಳ ಬಳಲಿಕೆಗೆ ತಪಸ್ಸಿನ ಹೆಸರು ದೊರೆತು, ಅದು ಪ್ರಶಂಸೆಗೂ ಪಾತ್ರವಾಗುತ್ತದೆ. ಕಂಡೂ ಕಾಣದಂತೆ ರೋಗವು ಬೆಳೆಯುವುದು ಇಂತಹ ಪ್ರಶಂಸೆಯ ನೆರಳಿನಲ್ಲಿಯೇ.

ತ್ಯಾಗವೆಂದರೇನು? ತನ್ನಲ್ಲಿರುವುದನ್ನು, ಇದು ತನ್ನದೆಂದು ಅರಿತು, ಅದರ ಮೇಲಣ ರಾಗವನ್ನು ಗೆದ್ದು ಬಿಡುವುದು ತ್ಯಾಗ. ಅರಿವಿಲ್ಲದೆ ಕಳೆದುಹೋದುದು ತ್ಯಾಗವಲ್ಲ, ಅದು ಅಭಾವ. ಹೆಗ್ಗಡದೇವನಕೋಟೆಯ ಕಾಡಿನಂಚಿನ ಜೇನುಕುರುಬರು ಕಾಡಿನ ಗೆಡ್ಡೆ, ಸೊಪ್ಪು, ಜೇನುಗಳನ್ನು ಆಶ್ರಯಿಸಿ ಬದುಕಿದವರು. 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದಿಂದಲೂ ಅರಣ್ಯ ಸಂರಕ್ಷಣೆಯ ಕ್ರಮಗಳಿಂದಲೂ ಅವರಲ್ಲಿ ಅನೇಕರು ಕಾಡನ್ನು ಕಳೆದುಕೊಂಡರು. ಅದರೊಡನೆ ಆ ಆಹಾರವನ್ನೂ ಕಳೆದುಕೊಂಡರು. ಅವರ ಹಸಿವನ್ನು ಯಾರೂ ಉಪವಾಸವೆನ್ನುವುದಿಲ್ಲ. ಹಾಗಿರುವಲ್ಲಿ, ಉಂಡು ತೃಪ್ತರಾದ ಮನೆಯಲ್ಲಿಯೇ ರಕ್ತಕ್ಕೆ ಬೇಕಾದ ಸೂಕ್ಷ್ಮಾಂಶವೊಂದು ಇಲ್ಲವಾಗಿದ್ದರೆ ಅದಕ್ಕೆ ಸಂಯಮವೆಂಬ ಹೆಸರು ಹೇಗೆ ಸಲ್ಲುತ್ತದೆ?

ಇದು ಊಹೆಯ ಮಾತಲ್ಲ. 1997-98ರಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಗೆ ಬಂದ ಗರ್ಭಿಣಿಯರನ್ನು ಕುರಿತ ಅಧ್ಯಯನದ ಫಲಿತಾಂಶವೊಂದು 2009ರಲ್ಲಿ ಪ್ರಕಟವಾಯಿತು. ಪರೀಕ್ಷಿಸಲ್ಪಟ್ಟ 785 ಮಂದಿಯಲ್ಲಿ ಶೇಕಡಾ 43ರಷ್ಟು ಸ್ತ್ರೀಯರಿಗೆ ಬಿ12 ಜೀವಸತ್ವದ ಕೊರತೆಯಿತ್ತು. ಫೋಲೇಟಿನ ಕೊರತೆ ಕಂಡುದು ಕೇವಲ ಶೇಕಡಾ 4ರಷ್ಟು ಮಂದಿಯಲ್ಲಿ. ಇವರು ಒಂದೇ ಸಮುದಾಯದವರಾಗಿರಲಿಲ್ಲ. ಆದರೆ ಅಂಕಿಗಳು ಹೇಳುವ ಸಂಗತಿ ಸಸ್ಯಾಹಾರಿಗಳಿಗೆ ನೇರವಾಗಿ ಅನ್ವಯಿಸುತ್ತದೆ. ಸೊಪ್ಪು, ಅವರೆ, ಹುರುಳಿಗಳಿಂದ ಫೋಲೇಟ್ ದೊರೆಯುತ್ತದೆ, ಬಿ12 ದೊರೆಯುವುದಿಲ್ಲ. ಅದನ್ನು ನಿರ್ಮಿಸುವುದು ಸೂಕ್ಷ್ಮಜೀವಿಗಳು ಮಾತ್ರ. ಸಸ್ಯಾಹಾರಿಗೆ ಅದು ಸಹಜವಾಗಿ ಬರುವುದು ಹಾಲು ಮೊಸರುಗಳಿಂದ. ದಿನಕ್ಕೆ ಬೇಕಾದುದು ಸುಮಾರು 2ರಿಂದ 2.5 ಮೈಕ್ರೋಗ್ರಾಂ, ಅರ್ಧ ಲೀಟರು ಹಾಲಿನಲ್ಲಿ ಹೆಚ್ಚುಕಡಿಮೆ ಅಷ್ಟು ಇರುತ್ತದೆ. ಮನೆಮಂದಿಗೆಲ್ಲ ಗಟ್ಟಿಮೊಸರು ಬಡಿಸಿ ತಾನು ನೀರುಮಜ್ಜಿಗೆಯಲ್ಲಿ ಊಟ ಮುಗಿಸುವ ಗೃಹಿಣಿಗೆ ಅದು ಎಷ್ಟು ದಕ್ಕೀತೆಂದು ಯಾರಾದರೂ ಎಣಿಸಬಹುದು.

ಬಿ12 ಯಕೃತ್ತಿನಲ್ಲಿ ವರ್ಷಗಟ್ಟಲೆ ಸಂಗ್ರಹವಾಗಿರುತ್ತದೆ. ಆದುದರಿಂದ ಅಷ್ಟಮಿ ಚತುರ್ದಶಿಗಳ ಉಪವಾಸವು ಈ ಕೊರತೆಗೆ ಕಾರಣವಲ್ಲ. ಉಪವಾಸವಿಲ್ಲದ ದಿನಗಳ ತಟ್ಟೆಯೇ ಕಾರಣ. ರಸಪರಿತ್ಯಾಗದ ನಿಯಮದಿಂದ ಹಾಲು ಮೊಸರುಗಳನ್ನು ದೀರ್ಘಕಾಲ ಬಿಟ್ಟವರು ಮಾತ್ರ ವಿಶೇಷವಾಗಿ ಎಚ್ಚರ ವಹಿಸತಕ್ಕದ್ದು. ಪಾದಗಳಲ್ಲಿ ಜೋಮು, ನಾಲಗೆಯ ಉರಿ, ಮರೆವು, ನಿತ್ರಾಣ ಇವು ಕಾಣಿಸಿದಾಗ ರಕ್ತಪರೀಕ್ಷೆ ಅಗತ್ಯ. ಫೋಲಿಕ್ ಆಮ್ಲದ ಮಾತ್ರೆಯೊಂದನ್ನೇ ನುಂಗುತ್ತಿದ್ದರೆ ರಕ್ತಹೀನತೆ ಸರಿಹೋದಂತೆ ತೋರಿ, ನರಗಳ ಹಾನಿ ಒಳಗೊಳಗೇ ಮುಂದುವರಿಯಲೂಬಹುದು.

ಉಪ್ಪಿನ ತ್ಯಾಗವೂ ಇದೇ ಬಗೆಯ ವಿಚಾರವನ್ನು ಬೇಡುತ್ತದೆ. ನಮ್ಮ ದೇಶದಲ್ಲಿ ಮನೆಬಳಕೆಗೆ ಅಯೋಡಿನ್ ಬೆರೆಸದ ಉಪ್ಪಿನ ಮಾರಾಟವು 2006ರಿಂದ ಮತ್ತೆ ನಿಷಿದ್ಧವಾಗಿದೆ. ಕೆಲವು ದಿನ ಉಪ್ಪನ್ನು ಬಿಟ್ಟರೆ ಹಾನಿಯಿಲ್ಲ, ಗ್ರಂಥಿಯಲ್ಲಿ ಸಂಗ್ರಹವಿರುತ್ತದೆ. ಅಯೋಡಿನ್ ಬೆರೆಸದ ಸೈಂಧವ ಲವಣವನ್ನೇ ಶುದ್ಧವೆಂದು ವರ್ಷವಿಡೀ ಬಳಸುವ ಮನೆಯ ಸ್ಥಿತಿ ಬೇರೆ. ಅಲ್ಲಿ ಗರ್ಭಿಣಿಯಿದ್ದರಂತೂ ಇನ್ನೂ ಬೇರೆ.

ಈಗ ಮಾತ್ರೆಯ ಪ್ರಶ್ನೆ. ಕಟ್ಟುನಿಟ್ಟಿನವರ ಆಕ್ಷೇಪವು ಹಗುರವಾದುದಲ್ಲ: ನೀರೊಡನೆ ಒಳಗೆ ಹೋದುದು ಆಹಾರವೇ, ಇಂದು ಮಾತ್ರೆಗೆ ಎಡೆ ಕೊಟ್ಟರೆ ನಾಳೆ ಕಾಫಿಗೂ ಕಾರಣ ಹುಟ್ಟೀತು. ಆದರೆ ದಾನಗಳನ್ನು ಎಣಿಸುವಾಗ ನಮ್ಮ ಆಚಾರ್ಯರು ಆಹಾರದಾನವನ್ನೂ ಔಷಧದಾನವನ್ನೂ ಬೇರೆಬೇರೆಯಾಗಿ ಹೇಳಿದ್ದಾರೆ. ನಾಲಗೆಯ ರುಚಿಗಾಗಿಯೂ ಹೊಟ್ಟೆಯ ತೃಪ್ತಿಗಾಗಿಯೂ ಅಲ್ಲದೆ, ದೇಹವೇ ಉತ್ಪಾದಿಸಬೇಕಾಗಿದ್ದ ರಸವನ್ನು ಅಷ್ಟೇ ಪ್ರಮಾಣದಲ್ಲಿ ತುಂಬುವ ವಸ್ತುವಿನಲ್ಲಿ ರಾಗಕ್ಕೆ ಅವಕಾಶವೆಲ್ಲಿ? ಇಷ್ಟಾದರೂ ಮನಸ್ಸು ಒಪ್ಪದಿದ್ದರೆ ಇನ್ನೊಂದು ಮಾರ್ಗವಿದೆ. ಸಂಕಲ್ಪದ ವೇಳೆಯಲ್ಲಿಯೇ ‘ಔಷಧ ಮತ್ತು ಜಲವನ್ನು ಹೊರತುಪಡಿಸಿ’ ಎಂದು ನಿಯಮವನ್ನು ಸ್ವೀಕರಿಸಬಹುದು. ಸಣ್ಣ ನಿಯಮವನ್ನು ಪೂರ್ಣವಾಗಿ ಪಾಲಿಸಿದವನಿಗೆ ಅತಿಚಾರವಿಲ್ಲ. ದೊಡ್ಡ ನಿಯಮವನ್ನು ಹಿಡಿದು ಗುಟ್ಟಾಗಿ ಮುರಿದವನಿಗೆ ಇದೆ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿಗೂ ತ್ಯಾಗಕ್ಕೂ ‘ಶಕ್ತಿತಃ’ ಎಂಬ ವಿಶೇಷಣವು ಸೇರಿರುವುದು ವ್ಯರ್ಥವಾಗಿ ಅಲ್ಲ.

ಥೈರಾಕ್ಸಿನ್ನಿನ ಪ್ರಮಾಣವು ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಆದುದರಿಂದ ಒಂದು ದಿನದ ನಿರ್ಜಲ ಉಪವಾಸದಲ್ಲಿ ಮಾತ್ರೆ ತಪ್ಪಿದರೆ ಸಾಮಾನ್ಯವಾಗಿ ಅಪಾಯವಿಲ್ಲ. ಹತ್ತು ದಿನ ಬಿಡುವುದು ಬೇರೆ ಮಾತು. ವೈದ್ಯರನ್ನು ಮೊದಲೇ ಕೇಳುವುದು ಯುಕ್ತ. ರೋಗವನ್ನು ನೆವಮಾಡಿಕೊಂಡು ಸಕಲ ನಿಯಮಗಳಿಗೂ ವಿದಾಯ ಹೇಳುವವರೂ ಇದ್ದಾರೆ; ಅದಕ್ಕೂ ಆಧಾರವಿಲ್ಲ. ಸೂರ್ಯೋದಯದ ಅನಂತರ ಮಾತ್ರೆ, ಒಂದು ಗಂಟೆಯಾದರೂ ಕಳೆದ ಮೇಲೆ ಆಹಾರ: ರಾತ್ರಿಭೋಜನ ತ್ಯಾಗಕ್ಕೂ ಏಕಾಶನಕ್ಕೂ ಇದರಿಂದ ಬಾಧೆಯಿಲ್ಲ. ಹಾಲಿನೊಡನೆ ಸೇವಿಸಬಾರದು, ಕಬ್ಬಿಣದ, ಕ್ಯಾಲ್ಸಿಯಮ್ಮಿನ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರವಿರಲಿ.

ಈ ವಿಷಯದಲ್ಲಿ ಸ್ವಾಮಿ ಸಮಂತಭದ್ರಾಚಾರ್ಯರ ವೃತ್ತಾಂತಕ್ಕಿಂತ ಬಲವಾದ ಸಾಕ್ಷ್ಯ ಸಿಗಲಾರದು. ಕನಕಗಿರಿಯ ದೇವಚಂದ್ರನು 19ನೆಯ ಶತಮಾನದಲ್ಲಿ ‘ರಾಜಾವಳಿಕಥೆ’ಯಲ್ಲಿ ಇದನ್ನು ಸಂಗ್ರಹಿಸಿದ್ದಾನೆ. ಆಚಾರ್ಯರಿಗೆ ಭಸ್ಮಕ ವ್ಯಾಧಿ ತಗುಲಿತು. ಎಷ್ಟು ಉಂಡರೂ ಉರಿದುಹೋಗುವ ಹಸಿವು. ಮುನಿಯ ಚರ್ಯೆಯಲ್ಲಿ ಅದಕ್ಕೆ ಪರಿಹಾರವಿರಲಿಲ್ಲ. ಸಲ್ಲೇಖನಕ್ಕೆ ಗುರುವಿನ ಅನುಮತಿಯನ್ನು ಬೇಡಿದರು. ಗುರುಗಳು ಒಪ್ಪಲಿಲ್ಲ. ಮುನಿವೇಷವನ್ನು ಬಿಟ್ಟು, ವ್ಯಾಧಿ ಶಮನವಾಗುವಂತೆ ಆಹಾರವನ್ನು ಸೇವಿಸಿ, ಗುಣವಾದ ಮೇಲೆ ಮರಳಿ ದೀಕ್ಷೆಯನ್ನು ಪಡೆಯುವಂತೆ ಆಜ್ಞಾಪಿಸಿದರು. ಕಂಚಿಯಲ್ಲಿ ಶಿವಕೋಟಿ ರಾಜನ ಶಿವಾಲಯದ ನೈವೇದ್ಯದ ರಾಶಿಯನ್ನುಂಡು ಅವರು ಗುಣಹೊಂದಿದರೆಂದು ಕಥೆ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದಾಗಲೂ ಹೆಚ್ಚು ಉಂಡು ಸೊರಗುವುದುಂಟು. ಹಾಗೆಂದು ಭಸ್ಮಕವೇ ಆ ರೋಗವೆಂದು ಸಾಧಿಸಹೊರಡುವುದು ಕಥೆಗೂ ವೈದ್ಯಕ್ಕೂ ಅನ್ಯಾಯ. ಗಮನಿಸಬೇಕಾದುದು ಗುರುವಿನ ನಿರ್ಣಯ. ಅದೇ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಸಲ್ಲೇಖನದ ಸಂದರ್ಭಗಳನ್ನು ಹೇಳುವಾಗ, ಪ್ರತೀಕಾರವಿಲ್ಲದ ಸ್ಥಿತಿ ಎಂಬ ನಿಬಂಧನೆಯನ್ನು ಇರಿಸಿದ್ದಾರೆ. ಪ್ರತೀಕಾರವಿರುವ ರೋಗವು ದೇಹತ್ಯಾಗಕ್ಕೂ ನಿಮಿತ್ತವಾಗದಿದ್ದರೆ, ದೇಹವನ್ನು ಸುಮ್ಮನೆ ಸವೆಸುವುದಕ್ಕೆ ನಿಮಿತ್ತವಾದೀತೇ?

ಗರ್ಭಿಣಿಯ ವಿಷಯದಲ್ಲಿ ಇದು ಇನ್ನೂ ತೀಕ್ಷ್ಣವಾಗುತ್ತದೆ. ಮೊದಲ ತಿಂಗಳುಗಳಲ್ಲಿ ಶಿಶುವಿನ ಗ್ರಂಥಿಯು ಕೆಲಸ ಮಾಡುವುದಿಲ್ಲ. ಅದರ ಮಿದುಳಿನ ಬೆಳವಣಿಗೆ ತಾಯಿಯ ಥೈರಾಕ್ಸಿನ್ನನ್ನೇ ಅವಲಂಬಿಸಿದೆ. ತನ್ನ ಆಹಾರವನ್ನು ತ್ಯಜಿಸುವ ಅಧಿಕಾರ ತಾಯಿಗಿದೆ. ಗರ್ಭದೊಳಗಿನ ಜೀವವು ಯಾವ ಪ್ರತ್ಯಾಖ್ಯಾನವನ್ನೂ ಮಾಡಿಲ್ಲ.

ಮಾತ್ರೆಗಳ ಮೂಲವನ್ನು ಕುರಿತ ಅಂಜಿಕೆಗೂ ಆಧಾರವಿಲ್ಲದಿಲ್ಲ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯನು ಈ ರೋಗಕ್ಕೆ ಮೊದಲು ಚಿಕಿತ್ಸೆ ನೀಡಿದುದು ಕುರಿಯ ಗ್ರಂಥಿಯ ಸಾರದಿಂದ. 1927ರಲ್ಲಿ ಥೈರಾಕ್ಸಿನ್ನನ್ನು ಪ್ರಯೋಗಶಾಲೆಯಲ್ಲಿ ಸಂಶ್ಲೇಷಿಸಲಾಯಿತು. ಇಂದು ಸಾಮಾನ್ಯವಾಗಿ ಕೊಡುವ ಮಾತ್ರೆಯ ಔಷಧಾಂಶವು ರಾಸಾಯನಿಕವಾಗಿ ತಯಾರಾದುದು. ಬಿ12 ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದ ಬರುತ್ತದೆ. ಡಿ3 ಜೀವಸತ್ವವನ್ನು ಬಹುಮಟ್ಟಿಗೆ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಿಸುತ್ತಾರೆ; ಕಲ್ಲುಹೂವಿನ ಜಾತಿಯಿಂದ ತೆಗೆದುದೂ ದೊರೆಯುತ್ತದೆ. ಔಷಧವನ್ನು ತುಂಬುವ ಮೆದು ಕೋಶಗಳು ಹೆಚ್ಚಾಗಿ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಟಿನ್ನಿನವು. ಅದೇ ಔಷಧವು ಗಟ್ಟಿಮಾತ್ರೆಯ ರೂಪದಲ್ಲಿ ಸಿಗುವುದೇ ಎಂದು ಅಂಗಡಿಯವನನ್ನು ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ.