‘ಮರೆತುಬಿಡಿ’ ಎನ್ನದ ವೈದ್ಯ

ದೀಪಾವಳಿ ಬಂತೆಂದರೆ ಗೋಪನಕೊಪ್ಪದ ನಮ್ಮ ಓಣಿಯಲ್ಲಿ ಪಟಾಕಿಗೆ ಬರವಿಲ್ಲ. ಒಂದು ಮನೆಯ ಕಿಟಕಿಗಳು ಮಾತ್ರ ಸಂಜೆಗೇ ಮುಚ್ಚಿಕೊಳ್ಳುತ್ತವೆ. ಮಿಲ್ಟ್ರಿಯಿಂದ ಪೆನ್ಶನ್ ಮೇಲೆ ಬಂದ ಹಿರಿಯರೊಬ್ಬರು ಟೀವಿಯ ಸದ್ದು ಏರಿಸಿಕೊಂಡು ಒಳಗೇ ಕೂತಿರುತ್ತಾರೆ. ಉಳಿದ ದಿನ ಕಟ್ಟೆಗೆ ಬಂದಾಗ ಗಡಿಯ ಮಾತು ತೆಗೆದರೆ, ‘ಆಗಿದ್ದು ಆಗಿ ಹೋತು ಬಿಡ್ರಿ ಕಾಕಾ, ಈಗ್ಯಾಕ ಅದನ್ನ ನೆನಸ್ತೀರಿ? ಚಾ ಕುಡೀರಿ’ ಎಂದು ನಾವೇ ತಡೆಯುತ್ತೇವೆ, ಪ್ರೀತಿಯಿಂದಲೇ.

ಮೊದಲ ಮಹಾಯುದ್ಧದಿಂದ ಮರಳಿದವರಿಗೂ ಸಿಕ್ಕಿದ್ದು ಇದೇ ಬುದ್ಧಿವಾದ. ಮೈಮೇಲೆ ಗಾಯವಿಲ್ಲ, ಆದರೆ ಮಾತು ನಿಂತಿದೆ, ಕೈ ನಡುಗುತ್ತದೆ, ರಾತ್ರಿ ಚೀರಿ ಏಳುತ್ತಾರೆ. ಇದಕ್ಕೆ ‘ಶೆಲ್ ಶಾಕ್’ ಎಂದರು; ಹೇಡಿತನ ಎಂದವರೂ ಇದ್ದರು. ಮಾತು ನಿಂತ ಸಿಪಾಯಿಯ ಗಂಟಲಿಗೆ ಕರೆಂಟು ಕೊಟ್ಟು ಮಾತಾಡಿಸಿದ ಆಸ್ಪತ್ರೆ ಲಂಡನ್ನಿನಲ್ಲಿತ್ತು. ಇತ್ತ ಸ್ಕಾಟ್ಲೆಂಡಿನ ಎಡಿನ್‌ಬರೋ ಬಳಿಯ ಕ್ರೇಗ್‌ಲಾಕ್‌ಹಾರ್ಟ್‌ನಲ್ಲಿ, ಉಳ್ಳವರು ಜಲಚಿಕಿತ್ಸೆಗೆ ಬರುತ್ತಿದ್ದ ಭಾರಿ ಕಟ್ಟಡವೊಂದು 1916ರಲ್ಲಿ ಇಂಥ ಸೇನಾಧಿಕಾರಿಗಳ ಆಸ್ಪತ್ರೆಯಾಯಿತು. (ಸಾದಾ ಸಿಪಾಯಿಗೆ ಅಲ್ಲಿ ಜಾಗವಿರಲಿಲ್ಲ, ಪಂಕ್ತಿಭೇದ ನಮ್ಮದೊಂದೇ ಸೊತ್ತಲ್ಲ.) ಅಲ್ಲಿನ ವೈದ್ಯ ಡಬ್ಲ್ಯು.ಎಚ್.ಆರ್. ರಿವರ್ಸ್ ನಮಗೆ ತೀರ ಹೊರಗಿನವರೇನಲ್ಲ. 1901-02ರಲ್ಲಿ ನೀಲಗಿರಿಗೆ ಬಂದು, ತೋಡರ ನಡುವೆ ಕುಳಿತು, ಯಾರಿಗೆ ಯಾರು ಅಪ್ಪ, ಯಾರು ಸೋದರಮಾವ ಎಂದು ವಂಶಾವಳಿ ಬರೆದುಕೊಂಡು ಹೋದವರು. ಎದುರಿಗಿದ್ದವರ ಮಾತನ್ನು ಕೊನೆತನಕ ಕೇಳುವ ತಾಳ್ಮೆ ಅಲ್ಲೇ ಗಟ್ಟಿಯಾಗಿರಬೇಕೆಂಬುದು ನನ್ನ ಊಹೆ. ಸ್ವತಃ ಉಗ್ಗುತ್ತಿದ್ದರು ಬೇರೆ.

ಹಗಲೆಲ್ಲ ಒತ್ತಿಟ್ಟದ್ದು ರಾತ್ರಿ ಕನಸಾಗಿ ಮೇಲೇಳುತ್ತದೆ ಎಂದು ಕಂಡುಕೊಂಡ ರಿವರ್ಸ್, ರೋಗಿಗಳಿಗೆ ನೆನೆಯಿರಿ, ಹೇಳಿ ಎಂದರು. ಒಬ್ಬ ಅಧಿಕಾರಿ ತನ್ನ ಗೆಳೆಯನ ದೇಹ ಛಿದ್ರವಾಗಿ ಬಿದ್ದುದನ್ನು ಕಂಡಿದ್ದ. ರಾತ್ರಿ ರಾತ್ರಿ ಅದೇ ಕನಸು. ರಿವರ್ಸ್ ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಹೇಳಿದರು: ಹಾಗೆ ಛಿದ್ರವಾದವನಿಗೆ ಸಾವು ಕ್ಷಣಾರ್ಧದಲ್ಲೇ ಬಂದಿರಬೇಕು, ಅವನು ನರಳಿರಲಾರ. ಆಮೇಲೊಂದು ರಾತ್ರಿ ಅದೇ ಕನಸಿನಲ್ಲಿ ಆತ ಗೆಳೆಯನ ಪಕ್ಕ ಮೊಣಕಾಲೂರಿ, ಮನೆಯವರಿಗೆ ಕಳಿಸಲೆಂದು ಅವನ ಸಾಮಾನು ಬಿಚ್ಚಿಕೊಳ್ಳುತ್ತಿದ್ದ. ಗುಣವಾದವರನ್ನು ಮತ್ತೆ ರಣರಂಗಕ್ಕೇ ಕಳಿಸಬೇಕಾದ ಧರ್ಮಸಂಕಟ ಮಾತ್ರ ಈ ವೈದ್ಯರಿಗೂ ತಪ್ಪಲಿಲ್ಲ. ಅಲ್ಲಿ ಚಿಕಿತ್ಸೆ ಪಡೆದ ಕವಿ ವಿಲ್‌ಫ್ರೆಡ್ ಓವೆನ್, 1918ರ ನವೆಂಬರ್ 4ರಂದು, ಯುದ್ಧ ನಿಲ್ಲಲು ಒಂದೇ ವಾರವಿದ್ದಾಗ, ಗುಂಡಿಗೆ ಬಲಿಯಾದ.

ಕಟ್ಟೆಯ ಮೇಲೆ ಕೂತು ಕೇಳಲು ನಮಗೆ ಡಿಗ್ರಿ ಬೇಕಿಲ್ಲ, ಚಾ ತುಸು ಆರಿದರೂ ನಡೆದೀತು. ಕೇಳಿ ತೀರದ ಸಂಕಟಕ್ಕೆ ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, 1845ರಿಂದ ನಡೆದುಬಂದ ಮಾನಸಿಕ ಆಸ್ಪತ್ರೆ. ‘ಹುಚ್ಚಾಸ್ಪತ್ರಿ’ ಎಂಬ ಚೇಷ್ಟೆಗೆ ಅಂಜಿ, ನಿದ್ದೆಗೆಟ್ಟ ಎಷ್ಟೋ ಮಂದಿ ಅತ್ತ ಹಾಯುವುದಿಲ್ಲ. ಒಬ್ಬರೇ ಹೋಗಲು ಹಿಂಜರಿಯುವವರ ಜೊತೆ ಚಿಗರಿ ಬಸ್ಸು ಹತ್ತಿ, ಚೀಟಿಯ ಸಾಲಿನಲ್ಲಿ ನಿಲ್ಲುವಷ್ಟು ಕೆಲಸ ನೆರೆಯವರದು. ಒಳಗೆ ಏನು ಹೇಳಬೇಕೋ ಅದು ಅವರಿಗೆ ಬಿಟ್ಟದ್ದು.